ಹಣೆಯ ಮೇಲಿನ ಲೇಯರು

೧೯೯೨ನೇ ಇಸವಿಯಲ್ಲಿ, ಏಳನೇ ಕ್ಲಾಸು ಅರ್ಧ ಆಗಿದ್ದಾಗ, ನಾನು ಓದು ನಿಲ್ಲಿಸಿದೆ. ಬಿಡಿಸಿದರು ಅಂತ ಯಾರ ಮೇಲೂ ಹಾಕೋದಿಲ್ಲ. ನಾನೇ ನಿಲ್ಲಿಸಿದ್ದು. ಬೇತಮಂಗಲದ ಪಕ್ಕದ ಹಳ್ಳಿಯಿಂದ ಬಸ್ಸು ಹತ್ತಿ ಬಂಗಾರಪೇಟೆಗೆ ಬಂದು ಒಂದು ಫೋಟೋ ಸ್ಟುಡಿಯೋದಲ್ಲಿ ಪ್ರಿಂಟು ತೊಳೆಯೋ ಕೆಲಸಕ್ಕೆ ನಿಂತೆ. ಕೆಂಪು ಬಲ್ಬಿನ ಕತ್ತಲೆ ಕೋಣೆ, ಸಾಲಾಗಿ ಟ್ರೇಗಳು, ಅಂಗಿ ಎಷ್ಟು ಒಗೆದರೂ ಹೋಗದ ಹೈಪೋ ವಾಸನೆ. ಬಿಳೀ ಕಾಗದವನ್ನು ದ್ರಾವಣದಲ್ಲಿ ಅಲ್ಲಾಡಿಸುತ್ತಾ ಕೂತರೆ ಯಾರದೋ ಮದುವೆ ಮೆಲ್ಲಗೆ ಎದ್ದು ಬರುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಸ್ಕೂಲು ನೆನಪಾಗಲಿಲ್ಲ.

ಆಮೇಲೆ ಸ್ಟೇಷನ್ ರಸ್ತೆಯಲ್ಲಿ ನನ್ನದೇ ಅಂಗಡಿ ಇಟ್ಟೆ. ಫಿಲಂ ಹೋಗಿ ಕಂಪ್ಯೂಟರ್ ಬಂತು. ಉಳಿದ ಸ್ಟುಡಿಯೋದವರು ಬೆಂಗಳೂರಿಗೆ ಹೋಗಿ ಕೋರ್ಸು ಮಾಡಿ ಸರ್ಟಿಫಿಕೇಟು ತಂದು ಗೋಡೆಗೆ ಹಾಕಿಕೊಂಡರು. ನಾನು ಕುರ್ಚಿ ಬಿಟ್ಟು ಏಳದೆ ಕಲಿತೆ. ಯಾವ ಗುಂಡಿ ಒತ್ತಿದರೆ ಏನಾಗುತ್ತೆ ಅಂತ ಒತ್ತೊತ್ತಿ ನೋಡಿ ಕಲಿತದ್ದು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಬಲ್ಲೆ, ಅರ್ಥ ಮಾತ್ರ ಆಮೇಲೆ ಕೆಲಸದಲ್ಲಿ ಗೊತ್ತಾಗಬೇಕು. ಯಾರ ಹತ್ತಿರವೂ ಹೋಗಿ ಕೇಳಿಲ್ಲ ಅನ್ನೋದು ನನಗೆ ಹೆಮ್ಮೆ. ಗಿರಾಕಿ ಏನೇ ತಂದರೂ "ಆಗುತ್ತೆ" ಅನ್ನೋದು ನನ್ನ ಮೊದಲ ಮಾತು. ಹೇಗೆ ಆಗುತ್ತೆ ಅಂತ ಅವರು ಹೋದ ಮೇಲೆ ಯೋಚನೆ ಮಾಡ್ತೀನಿ.

ಈಗ ಹೇಳಬೇಕಾಗಿರೋದು ಆ ರೀತಿ "ಆಗುತ್ತೆ" ಅಂದ ಒಂದು ಕೆಲಸದ ವಿಷಯ.

ಚಿನ್ನದ ಗಣಿಯ ಊರಿಗಾಂ ಕಡೆಯ ಲೈನು ಮನೆಯಿಂದ ಒಬ್ಬ ಹೆಂಗಸು ಬಂದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಅಂಗನವಾಡಿಯಲ್ಲಿ ಅಡುಗೆ ಮಾಡ್ತಾರಂತೆ. ಪರ್ಸಿನೊಳಗೆ ಕರ್ಚೀಫು, ಕರ್ಚೀಫಿನೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಒಂದು ಕಪ್ಪು ಬಿಳುಪು ಫೋಟೋ. ಗಣಿ ಕಂಪೆನಿಯ ಪಾಸಿಗೆ ಅಂತ ಒಂದು ಕಾಲದಲ್ಲಿ ತೆಗೆಸಿದ್ದು, ಹೆಬ್ಬೆರಳಿನಷ್ಟು ಅಗಲ.

"ನಮ್ಮೆಜಮಾನ್ರು," ಅಂದರು. "ಮಗಳು ತೊಟ್ಟಿಲಲ್ಲಿದ್ದಾಗ ಕಾಮಾಲೆ ಬಂದು ಹೋಗ್ಬಿಟ್ರು. ಈಗ ಅವಳ ಮದುವೆ. ಸ್ಟೇಜ್ ಮೇಲೆ ಕುರ್ಚೀಲಿ ಇಡೋಕೆ ದೊಡ್ಡದು ಮಾಡಿಕೊಡಪ್ಪಾ ತಂಬಿ."

ನಮ್ಮ ಕಡೆ ಅದು ರೂಢಿ. ತಂದೆ ಇಲ್ಲದ ಹುಡುಗಿಗೆ ಚಿಕ್ಕಪ್ಪನೋ ಮಾವನೋ ಧಾರೆ ಎರೆದರೂ ತಂದೆಯ ಫೋಟೋ ಒಂದು ಕುರ್ಚಿಯಲ್ಲಿ ಕೂತಿರಲೇಬೇಕು, ಹಾರ ಹಾಕಿಕೊಂಡು. ಅಂಥವು ನಾನು ಬೇಕಾದಷ್ಟು ಮಾಡಿದ್ದೀನಿ. ಆದರೆ ಈ ಫೋಟೋಗೆ ಮುಖವೇ ಇರಲಿಲ್ಲ ಅನ್ನಬೇಕು. ಮನೇಲಿ ಅದಕ್ಕಿದ್ದ ಫ್ರೇಮಿನ ಗಾಜು ಯಾವತ್ತೋ ಒಡೆದಿದೆ. ಆ ಅಕ್ಕ ಆಮೇಲೆ ಪ್ರತಿ ಶುಕ್ರವಾರ ಕುಂಕುಮವನ್ನು ನೀರಲ್ಲಿ ಅದ್ದಿದ ಬೆರಳಿನಿಂದ ನೇರ ಕಾಗದದ ಮೇಲೇ ಇಟ್ಟಿದ್ದಾರೆ. ಇಟ್ಟು ಇಟ್ಟು ಹಣೆ ಪೂರ್ತಿ ಕೆಂಪಾಗಿ, ಕುಂಕುಮದ ನೀರು ಮೂಗಿನ ಗುಂಟ ಇಳಿದು, ಮೀಸೆ ದಾಟಿ ತುಟಿಯವರೆಗೂ ಬಂದಿದೆ. ಎಡಗಣ್ಣಿನ ಒಳ ಮೂಲೆಯೂ ಕೆಂಪು.

"ಬೇರೆ ಫೋಟೋ ಇಲ್ವೇನಕ್ಕಾ? ಮದುವೇದು?"

"ಆಲ್ಬಮ್ಮು ಗೆದ್ದಲು ತಿಂತು. ಇದೊಂದೇ."

"ಆಗುತ್ತೆ ಬಿಡಿ," ಅಂದೆ.

ಅವರು ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು. "ಈ ಕೆಂಪು ತೆಗೆದ್ರೆ ಮುಖ ಕಾಣುತ್ತಲ್ವಾ? ನಿಜ ಹೇಳ್ತೀನಿ ತಂಬಿ, ಈಚೆಗೆ ಅವರ ಮುಖ ನೆನಪಿಗೆ ಬರ್ತಾ ಇಲ್ಲ. ಕಣ್ಣು ಮುಚ್ಚಿದ್ರೆ ಈ ಕೆಂಪೇ ಬರುತ್ತೆ. ಮದುವೆ ದಿನ ಎಲ್ಲರಿಗೂ ತೋರಿಸಬೇಕು, ನಂಗೇ ಗೊತ್ತಿಲ್ಲ ಅಂದ್ರೆ ಹೆಂಗೆ."

ಅಷ್ಟು ಹೇಳಿ ಹೋದರು. ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿದ್ದ ನನ್ನ ಹೆಂಡತಿ ಕತ್ತರಿ ಕೆಳಗಿಟ್ಟಳು. "ಆಗುತ್ತೆ ಅಂದ್ಬುಟ್ರಲ್ಲ, ಅದ್ರಲ್ಲಿ ಏನೈತೆ ಆಗೋಕೆ?" ಅಂದಳು.

ಲೇಯರು ಅಂದರೇನು ಅಂತ ಗೊತ್ತಿಲ್ಲದವರಿಗೆ ಇಲ್ಲಿ ಹೇಳಿಬಿಡ್ತೀನಿ. ಒಂದು ಫೋಟೋ ಮೇಲೆ ಗಾಜು ಇಟ್ಟು ಗಾಜಿನ ಮೇಲೆ ಬರೆದ ಹಾಗೆ. ಕೆಳಗಿನ ಫೋಟೋ ಹಾಳಾಗೋದಿಲ್ಲ, ಗಾಜು ಬೇಡ ಅಂದರೆ ತೆಗೆದು ಎಸೆಯಬಹುದು. ಅಲ್ಲಿಯವರೆಗೆ ಮಗುವಿಗೂ ಅರ್ಥವಾಗುತ್ತೆ. ಆದರೆ ಆ ಗಾಜು ಕೆಳಗಿನ ಫೋಟೋ ಜೊತೆ ಹೇಗೆ ಬೆರೆಯಬೇಕು ಅಂತ ಆರಿಸೋಕೆ ಒಂದು ಉದ್ದನೆಯ ಪಟ್ಟಿ ಇದೆ. ಬ್ಲೆಂಡ್ ಮೋಡ್ ಅಂತಾರೆ. ಮಲ್ಟಿಪ್ಲೈ, ಸ್ಕ್ರೀನ್, ಓವರ್‌ಲೇ, ಸಾಫ್ಟ್ ಲೈಟ್ ಅಂತ ಇಳಿಯುತ್ತಾ ಹೋಗುತ್ತೆ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಹತ್ತಿದ್ದು ಮೇಲಿನ ಈ ನಾಲ್ಕೇ. ಮಲ್ಟಿಪ್ಲೈ ಹಾಕಿದರೆ ಕಪ್ಪಾಗುತ್ತೆ. ಸ್ಕ್ರೀನ್ ಹಾಕಿದರೆ ಬೆಳ್ಳಗಾಗುತ್ತೆ. ಓವರ್‌ಲೇ ಮುಖಕ್ಕೆ ಸಿಟ್ಟು ಬರಿಸುತ್ತೆ. ಸಾಫ್ಟ್ ಲೈಟ್ ಮದುಮಗಳಿಗೆ. ಅಷ್ಟೇ ನನ್ನ ವಿದ್ಯೆ.

ಅದರಲ್ಲೂ ಯಾಕೆ ಹಾಗಾಗುತ್ತೆ ಅಂತ ಕೇಳಬೇಡಿ. ಮಲ್ಟಿಪ್ಲೈ ಅಂದರೆ ಗುಣಾಕಾರ ಅನ್ನೋದು ಏಳನೇ ಕ್ಲಾಸಿನವನಿಗೂ ಗೊತ್ತು. ಗುಣಿಸಿದರೆ ಜಾಸ್ತಿ ಆಗಬೇಕು, ಇಲ್ಲಿ ಬೆಳಕು ಕಮ್ಮಿ ಆಗುತ್ತೆ. ಇದನ್ನು ನಾನು ಕತ್ತಲೆ ಕೋಣೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳೋಕೆ ನೋಡಿದೆ. ಎರಡು ನೆಗೆಟಿವ್ ಒಂದರ ಮೇಲೊಂದಿಟ್ಟು ಬಲ್ಬಿಗೆ ಹಿಡಿದರೆ ಕಪ್ಪಾಗಿ ಕಾಣುತ್ತೆ, ಸರಿ, ಅದು ಮಲ್ಟಿಪ್ಲೈ. ಆದರೆ ಅದೇ ಎರಡನ್ನು ಕಾಗದಕ್ಕೆ ಇಳಿಸಿದರೆ ಬೆಳಕು ಹಾಯದೆ ಪ್ರಿಂಟು ಬೆಳ್ಳಗೆ ಬರುತ್ತೆ. ಹಾಗಾದರೆ ಅದು ಸ್ಕ್ರೀನಾ? ಕತ್ತಲೆ ಕೋಣೆಯಲ್ಲಿ ಬೆಳಕು ಜಾಸ್ತಿ ಬಿದ್ದರೆ ಕಾಗದ ಕಪ್ಪಾಗುತ್ತೆ, ಕಂಪ್ಯೂಟರಿನಲ್ಲಿ ಬೆಳಕು ಜಾಸ್ತಿ ಮಾಡಿದರೆ ಬೆಳ್ಳಗಾಗುತ್ತೆ. ನನ್ನ ಕೈ ಹದಿನೈದು ವರ್ಷ ಉಲ್ಟಾ ಕಲಿತಿದೆ. ತಲೆ ಒಂದು ಹೇಳಿದರೆ ಕೈ ಇನ್ನೊಂದು ಹೇಳುತ್ತೆ. ಇವತ್ತಿಗೂ ಹಾಗೇ.

ಫೋಟೋ ಸ್ಕ್ಯಾನು ಮಾಡಿ ದೊಡ್ಡದು ಮಾಡಿದೆ. ಕಲೆಯೂ ದೊಡ್ಡದಾಯಿತು, ಅಂಗೈಯಷ್ಟು. ನಾನು ನಂಬಿದ್ದು ಸ್ಟಾಂಪು ಟೂಲನ್ನ. ಅಂದರೆ ಚೆನ್ನಾಗಿರೋ ಕಡೆಯ ಚರ್ಮ ಎತ್ತಿ ಕೆಟ್ಟಿರೋ ಕಡೆಗೆ ಅಂಟಿಸೋದು. ಕೆನ್ನೆಯಿಂದ ಎತ್ತಿ ಎತ್ತಿ ಹಣೆಗೆ ಹಾಕಿದೆ. ಮುಗಿದ ಮೇಲೆ ನೋಡಿದರೆ ಗೋಡೆಗೆ ಗಾರೆ ಮೆತ್ತಿದ ಹಾಗಿತ್ತು. ಕೆನ್ನೆಯೇ ಹಣೆಯಾಗಿ ಕೂತಿದೆ. ಹೆಂಡತಿ ನೋಡಿ, "ಯಾರಿಗೋ ಬಾವು ಬಂದಂಗೈತೆ," ಅಂದಳು. ಅಳಿಸಿದೆ. ಪೂರ್ತಿ ಕಪ್ಪು ಬಿಳುಪು ಮಾಡಿದೆ. ಕೆಂಪು ಹೋಗಿ ಮಸಿ ಬಂತು. ಸ್ಕ್ರೀನ್ ಹಾಕಿದೆ. ಕಲೆ ತೆಳುವಾಯಿತು, ಅದರ ಜೊತೆ ಕಣ್ಣೂ ಮೀಸೆಯೂ ತೆಳುವಾದವು.

ಮಧ್ಯಾಹ್ನ ಎರಡರಿಂದ ನಾಲ್ಕು ಗಿರಾಕಿ ಕಮ್ಮಿ. ಆ ಹೊತ್ತಲ್ಲಿ ಷಟರ್ ಅರ್ಧ ಎಳೆದು ಕೂರೋದು, ಕೈಗೆ ಬಂದದ್ದು ಒತ್ತೋದು. ಒಂದು ದಿನ, ಕಲೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಗುರುತು ಹಾಕಿಕೊಳ್ಳೋಣ ಅಂತ ಹೊಸ ಲೇಯರು ತೆಗೆದೆ. ಯಾವ ಬಣ್ಣ ಹಾಕಲಿ ಅಂತ ತೋಚದೆ ಕಲೆಯ ಬಣ್ಣವನ್ನೇ ಎತ್ತಿ ಕಲೆಯ ಮೇಲೆ ಬಳಿದೆ. ಇನ್ನಷ್ಟು ಕೆಂಪಾಯಿತು. ಆಮೇಲೆ ಶಿಫ್ಟ್ ಹಿಡಿದು ಪ್ಲಸ್ ಒತ್ತುತ್ತಾ ಪಟ್ಟಿಯಲ್ಲಿ ಒಂದೊಂದೇ ಮೋಡು ಇಳಿಯುತ್ತಾ ಹೋದೆ. ಎಷ್ಟು ಒತ್ತಿದರೂ ಏನೂ ಬದಲಾಗಲಿಲ್ಲ. ಕೀಬೋರ್ಡು ಕೆಟ್ಟಿದೆ ಅಂತ ಬೇರೆ ಕೀಬೋರ್ಡು ಹಾಕಿದೆ. ಅದೂ ಅಷ್ಟೇ. ಕೊನೆಗೆ ಗೊತ್ತಾಗಿದ್ದು, ಕೈಯಲ್ಲಿ ಬ್ರಶ್ ಹಿಡಿದಿದ್ದರೆ ಆ ಗುಂಡಿ ಬ್ರಶ್ಶಿನ ಮೋಡನ್ನ ಬದಲಾಯಿಸುತ್ತೆ, ಲೇಯರಿನದನ್ನಲ್ಲ. ಬ್ರಶ್ ಬಿಟ್ಟು ಮತ್ತೆ ಒತ್ತಿದೆ. ಮುಖ ನೀಲಿಯಾಯಿತು, ಹಸಿರಾಯಿತು, ಸುಟ್ಟಹಾಗಾಯಿತು. ಪಟ್ಟಿಯ ತಳದ ಹತ್ತಿರ, ನಾನು ಯಾವತ್ತೂ ಮುಟ್ಟದ ಡಿವೈಡ್ ಅನ್ನೋದಕ್ಕೆ ಬಂದಾಗ ಕಲೆ ಇರಲಿಲ್ಲ.

ಕೈ ಎತ್ತಿಬಿಟ್ಟೆ. ಹಣೆ ಇತ್ತು. ಹಣೆಯ ಮೇಲೆ ಅಡ್ಡಕ್ಕೆ ಎರಡು ಗೆರೆ ಇದ್ದವು. ಎರಡು ಹುಬ್ಬಿನ ನಡುವೆ ಸಣ್ಣ ಗಾಯದ ಗುರುತು ಇತ್ತು. ಇಷ್ಟು ವರ್ಷ ಕುಂಕುಮದ ಕೆಳಗೆ ಆ ಮನುಷ್ಯ ಹಾಗೇ ಕೂತಿದ್ದ.

ಕಲೆಯ ಬಣ್ಣ ತಂದು ಕಲೆಯ ಮೇಲೇ ಬಳಿದರೆ ಕಲೆ ಹೋಗೋದು ಹೇಗೆ? ಹೆಂಡತಿಯನ್ನು ಕರೆದು ತೋರಿಸಿದೆ. "ಏನ್ ಆಕಿದ್ರಿ?" ಅಂತ ಕೇಳಿದಳು. "ಕೆಂಪಿನ ಮೇಲೆ ಕೆಂಪು," ಅಂದೆ. "ಏಳೋಕಾಗ್ದಿದ್ರೆ ಬುಡಿ, ಸುಳ್ಯಾಕೆ ಏಳ್ತೀರ," ಅಂದು ಹೋದಳು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಂಗಡಿಯ ಅಭ್ಯಾಸ ಅಂತ ಒಂದಿದೆ. ನಮ್ಮಲ್ಲಿ ಯಾರೇ ಫೋಟೋ ತೆಗೆಸಲಿ, ಕೊಡೋ ಮುಂಚೆ ಒಂದು ಸುತ್ತು ಬೆಳ್ಳಗೆ ಮಾಡಿ ಕೊಡೋದು ಪದ್ಧತಿ. ಮಾಡದಿದ್ದರೆ, "ಏನಣ್ಣಾ ಇದು, ಕರೆಂಟು ಇರ್ಲಿಲ್ವಾ?" ಅಂತ ಕೇಳ್ತಾರೆ. ಸತ್ತವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಾಗಿ ಕಲೆ ತೆಗೆದ ಫೋಟೋವನ್ನು ಒಂದು ಕಡೆ ಇಟ್ಟುಕೊಂಡು, ಅದರದೇ ನಕಲನ್ನು ಅದರ ಮೇಲಿಟ್ಟು ಸ್ಕ್ರೀನ್ ಹಾಕಿ, ಕಣ್ಣಿಗೆ ಸ್ವಲ್ಪ ಹೊಳಪು ಕೊಟ್ಟು, ದೊಡ್ಡ ಪ್ರಿಂಟು ತೆಗೆದೆ. ನನಗೇ ಮೆಚ್ಚುಗೆಯಾಯಿತು.

ಅಕ್ಕ ಮಗಳ ಜೊತೆ ಬಂದರು. ಮಗಳು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು, "ಅಮ್ಮಾ, ಅಪ್ಪ ಎಷ್ಟು ಚೆನ್ನಾಗಿದ್ರು," ಅಂದಳು. ಅಕ್ಕ ತುಂಬ ಹೊತ್ತು ನೋಡಿದರು.

"ಗಾಯ ಸರಿ ಇದೆ," ಅಂದರು. "ಬಾವಿ ರಾಟೆ ಬಡಿದಿದ್ದು. ಅದು ನಂಗೆ ಮರ್ತೇ ಹೋಗಿತ್ತು." ಮತ್ತೆ ನೋಡಿದರು. "ಆದ್ರೆ ಇವರು ಅವರಲ್ಲ."

"ಗಾಯ ಸರಿ ಇದೆ ಅಂತೀಯ, ಅವರಲ್ಲ ಅಂತೀಯ. ಗಾಯ ಯಾರದು ಹಂಗಾದ್ರೆ?" ಅಂತ ಮಗಳು ನಕ್ಕಳು.

"ಇಷ್ಟು ಬಿಳುಪಿರಲಿಲ್ಲ ಕಣೇ. ನಿನ್ನ ಗಂಡಿನ ಕಡೆಯವರು ನೋಡಿದ್ರೆ, ಯಾವುದೋ ಬ್ಯಾಂಕಿನವರ ಫೋಟೋ ತಂದಿಟ್ಟಿದ್ದಾರೆ ಅಂತಾರೆ."

"ಎಷ್ಟು ಕಪ್ಪಗಿದ್ರಕ್ಕಾ?" ಅಂತ ಕೇಳಿದೆ.

ಅವರು ಅಂಗಡಿಯೆಲ್ಲ ನೋಡಿದರು. ನನ್ನ ಕೈ ನೋಡಿದರು, ಕುರ್ಚಿಯ ಹಿಡಿ ನೋಡಿದರು. "ಇಂಥಾದ್ದು ಅಂತ ಹೇಳೋಕೆ ಬರಲ್ಲ. ನೋಡಿದ್ರೆ ಗೊತ್ತಾಗುತ್ತೆ. ನೀನು ಫೋಟೋದವನು, ನಿಂಗೆ ಗೊತ್ತಿರಬೇಕಲ್ವಾ?"

ನನಗೆ ಹೇಗೆ ಗೊತ್ತಿರಬೇಕು? ಆದರೆ ಹಾಗಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. "ಮನೆಗೇ ಬರ್ತೀನಿ. ಲ್ಯಾಪ್‌ಟಾಪು ತರ್ತೀನಿ. ನೀವು ಹೇಳಿದ ಕಡೆ ನಿಲ್ಲಿಸ್ತೀನಿ," ಅಂದೆ. ಮದುವೆಗೆ ಇನ್ನು ಕೆಲವೇ ದಿನ ಇತ್ತು.

ಸ್ಕೂಟರಿನಲ್ಲಿ ಊರಿಗಾಂಗೆ ಹೋದೆ. ಸಾಲು ಮನೆ, ತಗಡಿನ ಮಾಡು, ಎದುರಿಗೆ ನಲ್ಲಿ ಹತ್ತಿರ ಬಿಂದಿಗೆಗಳು. ಮನೆಯೊಳಗೆ ಆಗಲೇ ಪತ್ರಿಕೆ ಕಟ್ಟು, ಸೀರೆ ಡಬ್ಬ. ಪಕ್ಕದ ಮನೆಯ ಒಬ್ಬ ಹಿರಿಯರೂ ಬಂದು ನಿಂತಿದ್ದರು. ಅಕ್ಕನ ಗಂಡನ ಜೊತೆ ಒಂದೇ ಶಿಫ್ಟಿನಲ್ಲಿ ಗಣಿಗೆ ಇಳಿಯುತ್ತಿದ್ದವರಂತೆ. ಸಾಕ್ಷಿಗೆ ಅಂತ ಅಕ್ಕನೇ ಕರೆಸಿದ್ದು.

ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟೆ. ಅಕ್ಕ ಕೆಳಗೆ ಚಾಪೆ ಮೇಲೆ ಕೂತರು. ಹಿರಿಯರು ಮಂಡಿ ನೋವು, ಕೂರಲ್ಲ ಅಂತ ನಿಂತೇ ಇದ್ದರು. ಕಲೆ ತೆಗೆದ ಮುಖದ ಮೇಲೆ ಅದರದೇ ನಕಲು ಇಟ್ಟು ಒಂದೊಂದೇ ಮೋಡು ಬದಲಾಯಿಸುತ್ತಾ ಹೋದೆ. ಮಲ್ಟಿಪ್ಲೈಗೆ ಬಂದಾಗ ಅಕ್ಕ ತಲೆ ಅಲ್ಲಾಡಿಸಿ, "ಇಷ್ಟು ಕಪ್ಪಿಲ್ಲ, ಏನೂ ಕಾಣ್ತಾ ಇಲ್ಲ," ಅಂದರು.

"ಏನಮ್ಮಾ ಕಾಣ್ತಾ ಇಲ್ಲ ಅಂತೀಯ, ಪಳಪಳ ಅಂತಿದೆ," ಅಂತ ಹಿರಿಯರು ನಿಂತಲ್ಲಿಂದ ಹೇಳಿದರು. "ತಂಬಿ, ಇನ್ನೂ ಬೆಳಕು ಕೊಡು. ಅವನ ಮುಖ ಹೊಳೀತಿತ್ತು."

"ಹೊಳೆಯೋಕೆ ಅವರೇನು ಟ್ಯೂಬ್‌ಲೈಟಾ?"

"ನಾನು ಅವನ ಮುಖ ನೋಡಿದ್ದು ಟೋಪಿ ಲೈಟಲ್ಲಿ. ಎದುರಾ ಎದುರಾ ನಿಂತ್ರೆ ನನ್ನ ಲೈಟು ಅವನ ಮೂಗಿನ ಮೇಲೆ, ಅವನ ಲೈಟು ನನ್ನ ಮೂಗಿನ ಮೇಲೆ. ಕೆಳಗೆ ಎಲ್ಲರೂ ಬೆಳ್ಳಗೇ ಇದ್ವಿ. ಮೇಲೆ ಬಂದ್ಮೇಲೆ ಅವನು ಹೆಂಗಿದ್ದ ಅಂತ ನಾನು ನೋಡಿಲ್ಲ, ಮೊದಲು ಮನೆಗೆ ಓಡ್ತಿದ್ವಿ."

"ನಾನು ನೋಡಿದ್ದು ಮೇಲೆ ಬಂದ್ಮೇಲೆ," ಅಂದರು ಅಕ್ಕ.

ನಾನು ಮುಂದಕ್ಕೆ ಒತ್ತಿದೆ. ಡಿಫರೆನ್ಸ್ ಅನ್ನೋದಕ್ಕೆ ಬಂದಾಗ ಪರದೆ ಪೂರ್ತಿ ಕಪ್ಪಾಯಿತು. ಅದರ ಮೇಲೆ ಅದನ್ನೇ ಇಟ್ಟರೆ ಅದು ಹಾಗೆ ಮಾಯವಾಗುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

"ಇದು ಸರಿ ಇದೆ," ಅಂದರು ಹಿರಿಯರು. "ಕೆಳಗೆ ಕರೆಂಟ್ ಹೋದಾಗ ನಾವೆಲ್ಲ ಹಿಂಗೇ ಇದ್ವಿ."

ಅಕ್ಕನೂ ನಕ್ಕರು. ನನಗೆ ನಗೋಕಾಗಲಿಲ್ಲ. ಒಂದೇ ಪರದೆ, ಒಬ್ಬರಿಗೆ ಏನೂ ಕಾಣಲ್ಲ, ಇನ್ನೊಬ್ಬರಿಗೆ ಪಳಪಳ. ಆಮೇಲೆ ಹೊಳೆಯಿತು. ನನ್ನ ಲ್ಯಾಪ್‌ಟಾಪು ಹಳೇದು. ಮೇಲಿನಿಂದ ನೋಡಿದರೆ ಚಿತ್ರ ಬೆಳ್ಳಗೆ ಕಾಣುತ್ತೆ, ಕೆಳಗಿನಿಂದ ನೋಡಿದರೆ ಕಪ್ಪಗೆ. ಅಂಗಡಿಯಲ್ಲಿ ನಾನು ಯಾವಾಗಲೂ ಎದುರಿಗೇ ಕೂರೋದರಿಂದ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಮತ್ತೆ ಮಲ್ಟಿಪ್ಲೈಗೆ ತಂದಿಟ್ಟು, ಹಿರಿಯರನ್ನು ಬೇಡಿಕೊಂಡು ಚಾಪೆ ಮೇಲೆ ಕೂರಿಸಿದೆ, ಅಕ್ಕನನ್ನು ನಿಲ್ಲಿಸಿದೆ. ಈಗ ಹಿರಿಯರು, "ಅಯ್ಯೋ, ಇದೇನು ಇದ್ದಿಲು," ಅಂದರು. ಅಕ್ಕ, "ಈಗ ಬಿಳುಪಾಗೋಯ್ತು," ಅಂದರು. ಫೋಟೋ ನಾನು ಮುಟ್ಟಿರಲೇ ಇಲ್ಲ.

ಅಕ್ಕ ಗೋಡೆಯ ಮೇಲಿದ್ದ ಹಲಗೆ ತೋರಿಸಿದರು. ದೇವರ ಪಟಗಳ ಪಕ್ಕ ಒಂದು ಜಾಗ ಖಾಲಿ ಇತ್ತು. "ಅವರು ಇದ್ದಿದ್ದು ಅಲ್ಲಿ. ನಾನು ಯಾವತ್ತೂ ತಲೆ ಎತ್ತಿ ನೋಡಿರೋದು. ನಿನ್ನ ಪೆಟ್ಟಿಗೆ ಅಲ್ಲಿಡು ತಂಬಿ."

ಸ್ಟೂಲು ಹತ್ತಿ ಲ್ಯಾಪ್‌ಟಾಪನ್ನು ಹಲಗೆಯ ಮೇಲೆ ಇಟ್ಟೆ. ನಾನು ಸ್ಟೂಲಿನ ಮೇಲೇ ನಿಂತು ಒತ್ತುತ್ತಾ ಹೋದೆ. ಅಕ್ಕ ಕೆಳಗೆ ನಿಂತು, ಪೂಜೆಗೆ ನಿಂತ ಹಾಗೆ ಒಂದು ಕೈ ಗೋಡೆಗೆ ಊರಿಕೊಂಡು, ನೋಡುತ್ತಿದ್ದರು. ಬೇಡ ಅಂದರು. ಬೇಡ ಅಂದರು. ಸ್ಕ್ರೀನಿಗೆ ಬಂದೆ. ಮುಂದಿನದಕ್ಕೆ ಒತ್ತಿದೆ.

"ಹಿಂದಕ್ಕೆ ಬಾ," ಅಂದರು.

ಬಂದೆ.

"ಇವರೇ."

ನನ್ನ ಕಣ್ಣೆದುರು ಇದ್ದದ್ದು ಅಂಗಡಿಯಲ್ಲಿ ಅವರು ಬೇಡ ಅಂದಿದ್ದ ಅದೇ ಬಿಳೀ ಮುಖ. ಬ್ಯಾಂಕಿನವರದು. "ಅಕ್ಕಾ, ಸರಿಯಾಗಿ ನೋಡಿ," ಅಂದೆ. "ನೋಡ್ತಾ ಇದೀನಲ್ಲ," ಅಂದರು. ಅವರು ಕಣ್ಣು ತೆಗೆಯಲಿಲ್ಲ. ಇಳಿದು ಅವರ ಪಕ್ಕಕ್ಕೆ ಹೋದೆ. ನಾನು ಎತ್ತರ, ಅವರು ಗಿಡ್ಡ. ಮಂಡಿ ಬಗ್ಗಿಸಿ ಅವರ ತಲೆಯ ಮಟ್ಟಕ್ಕೆ ಬಂದು ಮೇಲಕ್ಕೆ ನೋಡಿದೆ. ಅಲ್ಲಿ ಬೇರೆ ಮನುಷ್ಯ ಇದ್ದರು. ಕಪ್ಪು, ಆದರೆ ಮಸಿಯಲ್ಲ. ಕೆನ್ನೆಯ ಎಲುಬಿನ ಮೇಲೆ ಮಾತ್ರ ಸ್ವಲ್ಪ ಬೆಳಕು. ಗಲ್ಲದ ಕೆಳಗೆ ಕತ್ತಲೆ.

"ಇದನ್ನೇ ಪ್ರಿಂಟ್ ಮಾಡ್ಕೊಡು," ಅಂದರು ಅಕ್ಕ.

ಯಾವುದನ್ನು? ಕಾಗದವನ್ನು ಮೇಲಿಟ್ಟರೂ ಕೆಳಗಿಟ್ಟರೂ ಅದು ಒಂದೇ ಥರ ಇರುತ್ತೆ. ಫೈಲಿನಲ್ಲಿ ಇರೋದನ್ನು ಪ್ರಿಂಟು ಮಾಡಿದರೆ ಮತ್ತೆ ಬಿಳೀ ಮುಖ ಬರುತ್ತೆ. ಅವರು ನೋಡಿದ್ದು ಫೈಲಿನಲ್ಲೇ ಇಲ್ಲ. ಆ ಮುಖ ಆ ಹಲಗೆಗೂ ಅವರ ತಲೆಗೂ ನಡುವೆ ಎಲ್ಲೋ ಇದೆ. ಇದನ್ನು ಹೇಗೆ ಹೇಳೋದು ಅಂತ ಗೊತ್ತಾಗದೆ, "ಆಗುತ್ತೆ ಅಕ್ಕಾ," ಅಂದೆ. ಮತ್ತೆ ಮಂಡಿ ಬಗ್ಗಿಸಿ ಇನ್ನೊಂದು ಸಲ ಆ ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡೆ. ಹಿರಿಯರು, "ತಂಬಿ, ನಮಸ್ಕಾರ ಮಾಡೋದಾದ್ರೆ ಪೂರ್ತಿ ಬಗ್ಗು," ಅಂದರು.

ಅಂಗಡಿಗೆ ಬಂದು ಲ್ಯಾಪ್‌ಟಾಪನ್ನು ಬೀರುವಿನ ಮೇಲಿಟ್ಟೆ. ಕೆಳಗೆ ಟೇಬಲ್ಲಿನ ಕಂಪ್ಯೂಟರಿನಲ್ಲಿ ಕೆಲಸ, ಮೇಲೆ ಬೀರುವಿನಲ್ಲಿ ಅವರು. ಮಂಡಿ ಬಗ್ಗಿಸಿ ಮೇಲೆ ನೋಡೋದು, ಎದ್ದು ಬಂದು ಒಂದು ಲೇಯರು ಹಾಕೋದು, ಪ್ರಿಂಟು ತೆಗೆಯೋದು, ಮತ್ತೆ ಹೋಗಿ ಬಗ್ಗಿ ಹೋಲಿಸೋದು. ಆಧಾರ್ ಜೆರಾಕ್ಸಿಗೆ ಬಂದ ಒಬ್ಬರು ಹೆಂಡತಿಯನ್ನು, "ಅಣ್ಣನಿಗೆ ಸೊಂಟ ಹಿಡಿದಿದೆಯಾ?" ಅಂತ ಕೇಳಿದರು. "ಇಲ್ಲ, ಓದು ಅರ್ಧಕ್ಕೆ ಬುಟ್ಟಿದ್ರಲ್ಲ, ಬಸ್ಕಿ ಬಾಕಿ ಇತ್ತು," ಅಂದಳು ಅವಳು.

ಬೆಳ್ಳಗಿದ್ದದ್ದರ ಮೇಲೆ ಮಲ್ಟಿಪ್ಲೈ ಹಾಕಿದರೆ ಮೊದಲಿದ್ದ ಹಾಗೇ ಆಗುತ್ತೆ ಅಂತ ನಾನು ತಿಳಿದಿದ್ದೆ. ಒಂದು ಮೆಟ್ಟಲು ಹತ್ತಿ ಒಂದು ಮೆಟ್ಟಲು ಇಳಿದರೆ ನಿಂತಲ್ಲೇ ಇರಬೇಕಲ್ಲ. ಇಲ್ಲಿ ಹಾಗಿಲ್ಲ. ಹತ್ತಿ ಇಳಿದರೆ ಪಕ್ಕದ ಬೀದಿಯಲ್ಲಿ ಇರ್ತೀವಿ. ಕಣ್ಣು ಒಂದು ಥರ, ಕೆನ್ನೆ ಒಂದು ಥರ ಆಗುತ್ತೆ. ಯಾಕೆ ಅಂತ ಯೋಚನೆ ಮಾಡಿ ತಲೆ ಕೆಟ್ಟಿತು. ಒಂದರ ಬಲ ಅರ್ಧ ಮಾಡಿದೆ, ಇನ್ನೊಂದರದು ಮುಕ್ಕಾಲು ಮಾಡಿದೆ. ಮೇಲಿನ ಲೇಯರು ಕೆಳಗೆ, ಕೆಳಗಿನದು ಮೇಲೆ ಹಾಕಿದೆ. ಅದೇ ಎರಡು ಲೇಯರು, ಜಾಗ ಬದಲಾದರೆ ಮುಖ ಬದಲಾಗುತ್ತೆ. ಹಾಳಾದ ಪ್ರಿಂಟೆಲ್ಲ ಮೇಜಿನ ಮೇಲೆ ಹರಡಿಕೊಂಡವು. ಒಂದೇ ಮನೆಯ ಅಣ್ಣತಮ್ಮಂದಿರು ಊಟಕ್ಕೆ ಕೂತ ಹಾಗೆ.

ಕೊನೆಗೆ ನನಗೆ ಯಾವುದೂ ಗೊತ್ತಾಗದೇ ಹೋಯಿತು. ನೋಡಿ ನೋಡಿ ಕಣ್ಣು ಸೋತಿತ್ತು. ಊರಿಗಾಂನಲ್ಲಿ ನೋಡಿದ್ದು ಇದಾ, ಬೀರುವಿನ ಮೇಲೆ ಈಗ ಕಾಣ್ತಿರೋದು ಇದಾ, ಎರಡೂ ಒಂದೇನಾ? ಹೆಂಡತಿ ಅಕ್ಕನಷ್ಟೇ ಎತ್ತರ. ಅವಳನ್ನು ಬೀರುವಿನ ಮುಂದೆ ನಿಲ್ಲಿಸಿ, ಮೇಲೆ ನೋಡು, ಕೆಳಗೆ ಯಾವುದು ಹಾಗಿದೆ ಹೇಳು ಅಂದೆ. ಅವಳು ಬಗ್ಗಲಿಲ್ಲ, ಏಳಲಿಲ್ಲ. ತಲೆ ಎತ್ತಿದಳು, ಇಳಿಸಿದಳು, ಒಂದು ಪ್ರಿಂಟು ತೆಗೆದು ಕೈಗೆ ಕೊಟ್ಟಳು. ನಾನು ಅದನ್ನು ತುಂಬ ಕಪ್ಪಾಯಿತು ಅಂತ ಪಕ್ಕಕ್ಕೆ ಸರಿಸಿದ್ದೆ.

"ಇದು ಸ್ಟುಡಿಯೋದಿಂದ ಹೊರಗೆ ಹೋಗೋ ಪ್ರಿಂಟಲ್ಲ," ಅಂದೆ. "ನೋಡಿದವರು ನನ್ನ ಅಂಗಡಿಗೆ ಬರಲ್ಲ."

"ಅವ್ರು ನಿಮ್ ಅಂಗಡಿ ನೋಡೋಕೆ ಮದ್ವೆ ಮಾಡ್ತಾ ಔರಾ?"

ಅದನ್ನೇ ಫ್ರೇಮು ಹಾಕಿಸಿ, ಗಾಜು ಕೂರಿಸಿ, ಕಾಗದದಲ್ಲಿ ಸುತ್ತಿದೆ. ಹಿಂದುಗಡೆ ನನ್ನ ಅಂಗಡಿಯ ಸ್ಟಿಕ್ಕರ್ ಅಂಟಿಸೋದನ್ನು ಬಿಟ್ಟೆ. ಬೇಕಂತಲೇ ಬಿಟ್ಟೆ.

ಮದುವೆ ಬಂಗಾರಪೇಟೆಯ ಛತ್ರದಲ್ಲೇ. ಫೋಟೋ ಕೆಲಸವೂ ನನಗೇ ಒಪ್ಪಿಸಿದ್ದರಿಂದ ಬೆಳಿಗ್ಗೆಯೇ ಕ್ಯಾಮೆರಾ ತಗೊಂಡು ಹೋಗಿದ್ದೆ. ಸ್ಟೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿಗೆ ಶಾಲು ಹೊದಿಸಿ ಅದರ ಮೇಲೆ ಫೋಟೋ ಇಟ್ಟಿದ್ದರು. ಹೂವಿನ ಅಲಂಕಾರದ ಪಕ್ಕ, ಅಷ್ಟು ಲೈಟಿನಲ್ಲಿ, ನನಗೆ ಅದು ಒಂದು ಕಪ್ಪು ಚೌಕದ ಹಾಗೆ ಕಂಡಿತು. ಅಂಗಡಿಗೆ ಓಡಿಹೋಗಿ ಬೇರೆಯದು ತರೋಣವೇ ಅಂತ ಗಡಿಯಾರ ನೋಡಿಕೊಂಡೆ. ಅಷ್ಟರಲ್ಲಿ ಅಕ್ಕ ಸ್ಟೇಜು ಹತ್ತಿದರು. ಹೊಸ ಸೀರೆ. ಕುರ್ಚಿಯ ಮುಂದೆ ನಿಂತರು. ಕೆಳಗೆ ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ, ಗುರುತು ಸಿಗದವರನ್ನು ನೋಡಿದ ಹಾಗೆ ನೋಡುತ್ತಿದ್ದರು.

"ಯಾರಾದ್ರೂ ಇದನ್ನ ಮೇಲಿಡಿ," ಅಂದರು.

ಚಿಕ್ಕಪ್ಪನಾದವರು, "ಕುರ್ಚೀಲೇ ಇಡೋದು ಪದ್ಧತಿ ಅತ್ತಿಗೆ," ಅಂದರು.

"ಪದ್ಧತಿ ಇರ್ಲಿ. ಕುರ್ಚಿ ಮೇಲೆ ಕುರ್ಚಿ ಹಾಕಿ."

ನಾಲ್ಕು ಕುರ್ಚಿ ಒಂದರೊಳಗೊಂದು ಪೇರಿಸಿದರು. ಸಾಲಲಿಲ್ಲ. ಅಡುಗೆ ಮನೆಯಿಂದ ಒಂದು ಮೇಜು ತಂದು ಅದರ ಮೇಲೆ ಕುರ್ಚಿ ಇಟ್ಟು, ಹಗ್ಗದಿಂದ ಕಂಬಕ್ಕೆ ಬಿಗಿದು, ಫೋಟೋವನ್ನು ಅಲ್ಲಿ ಕೂರಿಸಿದರು. ನೋಡೋಕೆ ಸೊಟ್ಟಗಿತ್ತು. ಗಂಡಿನ ಕಡೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಕ್ಕ ಒಂದು ಹೆಜ್ಜೆ ಹಿಂದೆ ಬಂದು ತಲೆ ಎತ್ತಿದರು.

ಪ್ರಿಂಟು ಎಲ್ಲಿಟ್ಟರೂ ಒಂದೇ ಥರ ಇರುತ್ತೆ ಅಂತ ನಾನು ಮೇಲೆ ಬರೆದಿದ್ದೀನಿ. ಅದು ನಿಜ. ಆದರೂ ಅವರು ತಲೆ ಎತ್ತಿದ ಮೇಲೆ ಏನಾಯಿತು ಅಂದರೆ, ಸೆರಗನ್ನು ಸರಿ ಮಾಡಿಕೊಂಡರು. ಆಮೇಲೆ ಬೀಗತಿಯ ಕೈ ಹಿಡಿದು ಕರೆದುಕೊಂಡು ಬಂದು, ಮೇಲೆ ತೋರಿಸಿ, "ಇವರು ನಮ್ಮೆಜಮಾನ್ರು," ಅಂದರು. ಬೀಗತಿಯೂ ತಲೆ ಎತ್ತಿ ನಮಸ್ಕಾರ ಮಾಡಿದರು. "ಮಗಳಿಗೆ ಅವರದೇ ಹುಬ್ಬು," ಅಂದರು. "ಹೂಂ, ಹುಬ್ಬು ಅವರದೇ," ಅಂತ ಅಕ್ಕ ಒಪ್ಪಿಕೊಂಡರು, ದಿನಾ ನೋಡ್ತಿದ್ದವರ ಹಾಗೆ. ಸ್ಟೇಜಿಗೆ ಬಂದ ಪ್ರತಿಯೊಬ್ಬರಿಗೂ ಹಾಗೇ ತೋರಿಸಿದರು.

ನಾನು ಅದರ ಫೋಟೋ ತೆಗೆದೆ. ಕ್ಯಾಮೆರಾದಲ್ಲಿ ನೋಡಿದರೆ ಮುಖ ತುಂಬಾ ಕಪ್ಪು. ಆಲ್ಬಂ ಮಾಡುವಾಗ ಒಂದಿಷ್ಟು ಬೆಳಕು ಕೊಡಬೇಕೇ ಬೇಡವೇ ಅಂತ ಇವತ್ತಿನವರೆಗೆ ತೀರ್ಮಾನಕ್ಕೆ ಬಂದಿಲ್ಲ. ಬೆಳಕು ಕೊಟ್ಟರೆ ಅದು ಮತ್ತೆ ಯಾರಾಗುತ್ತೋ. ಅವರ ಆಲ್ಬಮ್ಮಿನ ಉಳಿದ ಪುಟಗಳೆಲ್ಲ ಮುಗಿದಿವೆ, ಆ ಪುಟ ಮಾತ್ರ ಹಾಗೇ ಇದೆ.

ಇವತ್ತಿಗೆ ನನ್ನ ಹತ್ತಿರ ಇರೋದು ಇಷ್ಟು. ಬಾಡಿಗೆಯ ಅಂಗಡಿ ಒಂದು. ಕಂಪ್ಯೂಟರು ಎರಡು, ಲ್ಯಾಪ್‌ಟಾಪು ಒಂದು, ಪ್ರಿಂಟರು ಒಂದು, ಲ್ಯಾಮಿನೇಶನ್ ಮಿಷಿನ್ನು ಒಂದು. ಕ್ಯಾಮೆರಾ ಮೂರು, ಅದರಲ್ಲಿ ಒಂದು ಫಿಲಂದು, ಉಪಯೋಗಕ್ಕಿಲ್ಲ. ಸ್ಕೂಟರು ಒಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದುತ್ತಿದ್ದಾರೆ. ಆ ಮೋಡುಗಳ ಪಟ್ಟಿಯಲ್ಲಿ ನನಗೆ ಅರ್ಥವಾದದ್ದು ಒಂದೂವರೆ, ಅರ್ಥವಾಗದೆ ಬಳಸೋವು ಐದು. ಊರಿಗಾಂನ ಆ ಮನುಷ್ಯನ ಮುಖ ಕಂಪ್ಯೂಟರಿನಲ್ಲಿ ಒಂಬತ್ತು ಇದೆ. ಒಂದನ್ನೂ ಅಳಿಸಿಲ್ಲ.